ಬಯಲಲ್ಲಿ ಬೆಳಗುವ ಪ್ರವಾಸದ ಫೋಟೋಗಳು: ಬೆಳಕು ಹೆಚ್ಚಾದಷ್ಟೂ ಚೆಂದವೇ? ಎಲ್‌ಇಡಿ ಶಾಕ್ ಹೊಡೆಯುವುದೇ ಇಲ್ಲವೇ?

ಕತ್ತಲಾದ ಪಾರ್ಕ್. ಮರಗಳ ನಡುವೆ ಆಳೆತ್ತರದ ಜೋಗದ ಫೋಟೋ. ಹಿಂದಿನಿಂದ ಬೆಳಕು ಬಿದ್ದು ನೀರು ನಿಜವಾಗಿಯೂ ಧುಮುಕುತ್ತಿರುವಂತೆ ಕಾಣುತ್ತದೆ. ಮುಂದೆ ನಿಂತವರು ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾರೆ. ಇಂಥ ವಿಡಿಯೋ ನಿಮ್ಮ ಗುಂಪಿಗೂ ಬಂದಿರಬಹುದು. ಜೊತೆಗೆ "ನೀವೂ ಮಾಡಿ, ತುಂಬಾ ಸುಲಭ, ಎಲ್‌ಇಡಿ ಆದ್ದರಿಂದ ಶಾಕ್ ಭಯ ಇಲ್ಲ" ಎಂಬ ಧಾಟಿಯ ಮಾತೂ ಇರುತ್ತದೆ.

ಸುಲಭ ಎನ್ನುವುದು ಅರ್ಧ ನಿಜ. ಶಾಕ್ ಭಯ ಇಲ್ಲ ಎನ್ನುವುದು ಅಪಾಯಕಾರಿ ಸುಳ್ಳು.

ಇದನ್ನು ನಾವು ಓದಿ ಮಾತ್ರ ಹೇಳುತ್ತಿಲ್ಲ. ಕಳೆದ ಚಳಿಗಾಲದಲ್ಲಿ ಭದ್ರಾವತಿಯ ಮನೆಯೊಂದರ ತಾರಸಿಯಲ್ಲಿ ಆರು ಅಡಿ ಅಗಲದ ಒಂದು ಚಿತ್ರ ನಿಲ್ಲಿಸಿ ನೋಡಿದೆವು. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವ ಜಾಗದ ಬೆಳಗಿನ ಫೋಟೋ. ಕಬ್ಬಿಣದ ಚೌಕಟ್ಟು, ಹಿಂದೆ ಎಲ್‌ಇಡಿ ಪಟ್ಟಿ. ಚಿತ್ರ ಚೆನ್ನಾಗಿಯೇ ಬಂತು. ಆದರೆ ಇಬ್ಬನಿ ಬಿದ್ದ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತು ಚೌಕಟ್ಟು ಮುಟ್ಟಿದಾಗ ಕೈ ಜುಮ್ ಎಂದಿತು. ಗಣಪತಿ ಹಬ್ಬ, ದಸರಾ, ರಾಜ್ಯೋತ್ಸವ ಎಂದು ಶಿವಮೊಗ್ಗ, ಭದ್ರಾವತಿಯ ಯುವಕ ಸಂಘಗಳು, ಬಡಾವಣೆಯವರು, ಕಾಲೇಜು ಮಕ್ಕಳು ಇಂಥದ್ದಕ್ಕೆ ಕೈಹಾಕುವ ಮುನ್ನ ಕೆಲವು ವಿಷಯ ತಿಳಿದಿರಲಿ ಎಂದು ಈ ಲೇಖನ.

ಸಂಕ್ಷಿಪ್ತವಾಗಿ

• ಚಿತ್ರದೊಳಗೆ ಹೊಕ್ಕ ಅನುಭವ ಕೊಡುವುದು ಚಿತ್ರದ ಅಡಿ ಲೆಕ್ಕವಲ್ಲ. ಅದು ನಮ್ಮ ಕಣ್ಣನ್ನು ಎಷ್ಟು ತುಂಬುತ್ತದೆ ಎನ್ನುವುದು ಮುಖ್ಯ.
• ವಾಟ್ಸಾಪ್‌ನಲ್ಲಿ ಬಂದ ಫೋಟೋ ದೂರದಿಂದ ನೋಡಲು ಸಾಕು, ಹತ್ತಿರದಿಂದ ನೋಡಲು ಸಾಲದು.
• ಬೆಳಕು ಹೆಚ್ಚಿದರೆ ಚಿತ್ರ ಕೆಡುತ್ತದೆ. ಸುತ್ತಲಿನ ಕತ್ತಲು ಅರ್ಧ ಕೆಲಸ ಮಾಡುತ್ತದೆ.
• ಎಲ್‌ಇಡಿ ಪಟ್ಟಿ 12 ವೋಲ್ಟ್ ಇರಬಹುದು, ಅದಕ್ಕೆ ಕರೆಂಟ್ ಕೊಡುವ ಡ್ರೈವರ್‌ಗೆ ಬರುವುದು 230 ವೋಲ್ಟ್. ಎಂಸಿಬಿ ಮನುಷ್ಯರನ್ನು ಕಾಪಾಡುವುದಿಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು.
• ಹಕ್ಕಿ ಗೂಡು ಕಟ್ಟುವ ಜಾಗ, ಕಾಡಿನ ಅಂಚು ಬೇಡ.

ಇದು ಹೊಸ ಕಲೆಯೇ?

ಅಲ್ಲ. ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸಿಕೊಳ್ಳಿ. ಹದಮಾಡಿದ ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಚ್ಚಿ, ಹಿಂದೆ ದೀಪ ಇಟ್ಟು, ಮುಂದೆ ಬಿಳಿ ಪರದೆ ಕಟ್ಟುತ್ತಾರೆ. ಬಣ್ಣದ ಮೂಲಕ ಹಾದುಬಂದ ಬೆಳಕು ನಮ್ಮ ಕಣ್ಣಿಗೆ ಬೀಳುತ್ತದೆ. ದೀಪಾವಳಿಯ ಆಕಾಶಬುಟ್ಟಿಯೂ ಇದೇ. ಇಂದಿನ ಲೈಟ್‌ಬಾಕ್ಸ್ ಕೂಡ ಇದೇ ತತ್ವದ್ದು. ತೊಗಲಿನ ಜಾಗದಲ್ಲಿ ಮುದ್ರಿಸಿದ ಬಟ್ಟೆ ಅಥವಾ ಹಾಳೆ, ದೀಪದ ಜಾಗದಲ್ಲಿ ಎಲ್‌ಇಡಿ.

ದೂರದ ಊರುಗಳ ಚಿತ್ರಗಳನ್ನು ಬೆಳಕಿನಿಂದ ತೋರಿಸುವ ಮ್ಯಾಜಿಕ್ ಲ್ಯಾಂಟರ್ನ್ ಯುರೋಪಿನಲ್ಲಿ ಸಿನಿಮಾಕ್ಕಿಂತ ಬಹಳ ಹಿಂದಿನದು. ಮುಂಬೈ ಬಳಿಯ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನ್ ಎಂಬವರು 'ಶಾಂಬರಿಕ ಖರೋಲಿಕಾ' ಹೆಸರಿನಲ್ಲಿ ಇಂಥ ಪ್ರದರ್ಶನವನ್ನು 1892ರಲ್ಲಿ ಶುರು ಮಾಡಿದ್ದರು.

ಪ್ರವಾಸದ ಫೋಟೋವನ್ನು ಬೆಳಗಿಸಿ ಸಾರ್ವಜನಿಕ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಅತಿ ದೊಡ್ಡ ಉದಾಹರಣೆಗಳಲ್ಲೊಂದು ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿತ್ತು. ಕೊಡಾಕ್ ಕಂಪನಿ 1950ರಿಂದ 1990ರವರೆಗೆ ಅಲ್ಲಿ 'ಕಲರಾಮಾ' ಎಂಬ ಬೆಳಗುವ ಚಿತ್ರ ಇಟ್ಟಿತ್ತು. 18 ಅಡಿ ಎತ್ತರ, 60 ಅಡಿ ಅಗಲ. ನಲವತ್ತು ವರ್ಷಗಳಲ್ಲಿ 565 ಚಿತ್ರಗಳು ಬದಲಾದವು. ಬೆಟ್ಟ, ಸಮುದ್ರ, ಕುಟುಂಬದ ಪ್ರವಾಸ ಇವೇ ಹೆಚ್ಚು. ಅದು ಜಾಹೀರಾತು. ನಮ್ಮ ಬಡಾವಣೆಯದ್ದು ಜಾಹೀರಾತಾಗಬೇಕಿಲ್ಲ. ಲೆಕ್ಕ ಮಾತ್ರ ಒಂದೇ.

ನಂಬಿಕೆ 1: "ಫೋಟೋ ದೊಡ್ಡದಾದರೆ ಸಾಕು, ಒಳಗೇ ಹೋದ ಹಾಗಾಗುತ್ತೆ"

ವಾಸ್ತವ: ದೂರ ನಿಂತರೆ ದೊಡ್ಡ ಫೋಟೋ ಕೂಡ ಮೊಬೈಲ್‌ನಷ್ಟೇ.

ಒಂದು ಸಣ್ಣ ಲೆಕ್ಕ ನೋಡೋಣ. ಮೊಬೈಲ್ ಅಡ್ಡ ಹಿಡಿದರೆ ಸುಮಾರು 15 ಸೆಂಟಿಮೀಟರ್ ಅಗಲ. ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿ ಅದು ನಮ್ಮ ನೋಟದ 28 ಡಿಗ್ರಿಯಷ್ಟನ್ನು ತುಂಬುತ್ತದೆ. ಆರು ಅಡಿ ಅಗಲದ ಚಿತ್ರವನ್ನು ಮೂರು ಮೀಟರ್ ದೂರದಿಂದ ನೋಡಿದರೆ ತುಂಬುವುದು ಸುಮಾರು 34 ಡಿಗ್ರಿ. ಅಂದರೆ ಸಾವಿರಾರು ರೂಪಾಯಿ ಸುರಿದು ಮಾಡಿದ ಚಿತ್ರ, ಕೈಯಲ್ಲಿರುವ ಮೊಬೈಲ್‌ಗಿಂತ ಸ್ವಲ್ಪವೇ ದೊಡ್ಡದಾಗಿ ಕಾಣುತ್ತದೆ! ಎರಡೂ ಕಣ್ಣು ಸೇರಿ ನಾವು ಅಡ್ಡಕ್ಕೆ ನೋಡಬಲ್ಲದ್ದು ಸುಮಾರು 180ರಿಂದ 200 ಡಿಗ್ರಿ.

ಪರಿಹಾರ ಸರಳ. ಒಂದರ ಬದಲು ಮೂರು ಚಿತ್ರಗಳನ್ನು ಕಮಾನಿನಂತೆ ನಿಲ್ಲಿಸಿ. ನೋಡುವವರು ನಡುವೆ, ಪ್ರತಿ ಚಿತ್ರದಿಂದ ಎರಡು ಮೀಟರ್ ದೂರದಲ್ಲಿ ನಿಲ್ಲಲಿ. ಆಗ ಒಂದೊಂದು ಚಿತ್ರವೂ 49 ಡಿಗ್ರಿಯಂತೆ, ಮೂರೂ ಸೇರಿ ಹೆಚ್ಚುಕಡಿಮೆ 150 ಡಿಗ್ರಿ ತುಂಬುತ್ತವೆ. ಕಣ್ಣಂಚಿನಲ್ಲೂ ಬೆಟ್ಟವೇ ಕಾಣುತ್ತದೆ. ಒಳಗೆ ಹೋದ ಅನುಭವ ಬರುವುದು ಇಲ್ಲಿ.

ಮೂರೂ ಒಂದೇ ಜಾಗದ, ಒಂದೇ ಹೊತ್ತಿನ ಚಿತ್ರಗಳಾಗಿರಲಿ. ಕೊಡಚಾದ್ರಿಯ ನೆತ್ತಿಯಲ್ಲಿ ನಿಂತು ಎಡಕ್ಕೆ, ಎದುರಿಗೆ, ಬಲಕ್ಕೆ ತೆಗೆದ ಮೂರು ಚಿತ್ರಗಳು ಒಂದು ಜಾಗ ಕಟ್ಟುತ್ತವೆ. ಒಂದು ಕೊಡಚಾದ್ರಿ, ಒಂದು ಮನಾಲಿ, ಒಂದು ದುಬೈ ಇಟ್ಟರೆ ಅದು ಅಂಗಡಿಯ ಕ್ಯಾಲೆಂಡರ್ ಆಗುತ್ತದೆ. ಕಮಾನಿನೊಳಗೆ ಒಂದು ಸಲಕ್ಕೆ ಐದಾರು ಜನ ಮಾತ್ರ ಹಿಡಿಸುತ್ತಾರೆ. ಸಾಲು ನಿಲ್ಲಿಸಲು ಒಬ್ಬರು ಬೇಕು.

ನಂಬಿಕೆ 2: "ವಾಟ್ಸಾಪ್‌ನಲ್ಲಿರೋ ಫೋಟೋನೇ ಪ್ರಿಂಟ್ ಹಾಕಿಸಿದರಾಯ್ತು"

ವಾಸ್ತವ: ಎಷ್ಟು ಹತ್ತಿರದಿಂದ ನೋಡುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸುವಾಗ ಫೋಟೋವನ್ನು ಕುಗ್ಗಿಸುತ್ತದೆ. ಉದ್ದದ ಬದಿಯಲ್ಲಿ ಸುಮಾರು 1600 ಪಿಕ್ಸೆಲ್ ಉಳಿಯುತ್ತವೆ. ಅದನ್ನು ಆರು ಅಡಿಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಒಂದು ಮಿಲಿಮೀಟರ್‌ಗಿಂತ ದೊಡ್ಡದಾಗುತ್ತದೆ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಗುರುತಿಸಬಲ್ಲದು. ಈ ಲೆಕ್ಕದಲ್ಲಿ ಆ ಚಿತ್ರ ನಾಲ್ಕು ಮೀಟರ್ ಆಚೆಯಿಂದ ನೋಡಿದರಷ್ಟೇ ನಯವಾಗಿ ಕಾಣುತ್ತದೆ. ನಾವು ಮೇಲೆ ಹೇಳಿದ ಎರಡು ಮೀಟರ್ ಕಮಾನಿನಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತದೆ.

ಅದೇ ಫೋಟೋದ ಮೂಲ ಫೈಲ್ 12 ಮೆಗಾಪಿಕ್ಸೆಲ್‌ನದ್ದಾದರೆ ಉದ್ದಕ್ಕೆ 4000 ಪಿಕ್ಸೆಲ್ ಇರುತ್ತವೆ. ಆರು ಅಡಿಗೆ ಹಿಗ್ಗಿಸಿದರೂ ಪಿಕ್ಸೆಲ್ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಒಂದೂವರೆ ಮೀಟರ್ ಆಚೆಯಿಂದ ನಯವಾಗಿಯೇ ಕಾಣುತ್ತದೆ. ಅಂದರೆ ಸಾಧಾರಣ ಮೊಬೈಲ್ ಕ್ಯಾಮೆರಾ ಸಾಕು, ಫಾರ್ವರ್ಡ್ ಆಗಿ ಬಂದ ಪ್ರತಿ ಸಾಲದು.

ಮಾಡಬೇಕಾದ್ದು ಇಷ್ಟೇ. ಫೋಟೋ ತೆಗೆದವರಿಂದ ಮೂಲ ಫೈಲನ್ನೇ ಕೇಳಿ. ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಆಗ ಕುಗ್ಗುವುದಿಲ್ಲ. ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಬೇಡವೇ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಫೋಟೋಗಳಿಗೂ ರಕ್ಷಣೆ ಇದೆ. ಇಂಟರ್‌ನೆಟ್‌ನಲ್ಲಿ ಕಂಡಿತು ಎಂದ ಮಾತ್ರಕ್ಕೆ ಅದು ಊರಿನ ಆಸ್ತಿಯಾಗುವುದಿಲ್ಲ. ಚಿತ್ರದಲ್ಲಿ ಗುರುತು ಸಿಗುವಂತೆ ಯಾರಾದರೂ ಇದ್ದರೆ, ಅದರಲ್ಲೂ ಮಕ್ಕಳಿದ್ದರೆ, ಒಪ್ಪಿಗೆ ಪಡೆಯಿರಿ.

ನಂಬಿಕೆ 3: "ಲೈಟ್ ಜಾಸ್ತಿ ಹಾಕಿದಷ್ಟೂ ಚೆಂದ"

ವಾಸ್ತವ: ಇಡೀ ಕೆಲಸವನ್ನು ಕೆಡಿಸುವುದು ಇದೇ ನಂಬಿಕೆ.

ಬೆಳಕಿನಿಂದ ಕತ್ತಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಪಾಪೆ ಬೇಗ ಹಿಗ್ಗುತ್ತದೆ, ಆದರೆ ಅಕ್ಷಿಪಟಲ ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಹಿಡಿಯುತ್ತದೆ. ಹಾಗೆ ಒಗ್ಗಿದ ಕಣ್ಣಿಗೆ ಸಣ್ಣ ಬೆಳಕೂ ಸಾಕು. ಅತಿ ಬೆಳಕಿನ ಚಿತ್ರ ನೋಡಿದರೆ ಕಣ್ಣು ಮತ್ತೆ ಕುಗ್ಗಿ, ಚಿತ್ರದ ನೆರಳಿನ ಭಾಗವೆಲ್ಲ ಬರೀ ಕಪ್ಪಾಗಿ, ಬಿಳಿ ಭಾಗವೆಲ್ಲ ಬರೀ ಬಿಳಿಯಾಗಿ ಕಾಣುತ್ತದೆ. ಪಕ್ಕದ ಚಿತ್ರ ಮಂಕಾಗುತ್ತದೆ. ನಡೆಯುವ ದಾರಿಯ ಮೆಟ್ಟಿಲು ಕಾಣದೆ ಎಡವುವವರೂ ಇರುತ್ತಾರೆ.

ಮೈಸೂರು ಅರಮನೆಯ ದೀಪಾಲಂಕಾರ ನೋಡಿ. ಸುಮಾರು ಒಂದು ಲಕ್ಷ ಬಲ್ಬ್‌ಗಳು ಎನ್ನುತ್ತೇವೆ. ಆದರೆ ಅವು ದೊಡ್ಡ ಫ್ಲಡ್‌ಲೈಟ್‌ಗಳಲ್ಲ. ಒಂದೊಂದೂ ಸಣ್ಣ ಬಲ್ಬ್, ಕಟ್ಟಡದ ಅಂಚುಗಳನ್ನಷ್ಟೇ ಗೆರೆ ಎಳೆದಂತೆ ಬರೆಯುತ್ತದೆ. ಉಳಿದದ್ದೆಲ್ಲ ಕತ್ತಲು. ಕತ್ತಲನ್ನು ಉಳಿಸಿಕೊಂಡದ್ದರಿಂದಲೇ ಆ ಚೆಂದ.

ನಾವು ತಾರಸಿಯಲ್ಲಿ ಮಾಡಿದ ಒಂದು ಪರೀಕ್ಷೆಯನ್ನು ನೀವೂ ಮಾಡಬಹುದು. ಹತ್ತು ನಿಮಿಷ ಕತ್ತಲಲ್ಲಿ ನಿಂತು, ಮೊಬೈಲ್‌ನಲ್ಲಿ ಅದೇ ಫೋಟೋ ತೆರೆದು, ಕಣ್ಣಿಗೆ ಹಿತವಾಗುವವರೆಗೆ ಬ್ರೈಟ್‌ನೆಸ್ ಕಡಿಮೆ ಮಾಡಿ. ಈಗ ಆ ಮೊಬೈಲನ್ನು ದೊಡ್ಡ ಚಿತ್ರದ ಪಕ್ಕ ಹಿಡಿಯಿರಿ. ದೊಡ್ಡ ಚಿತ್ರ ಅದಕ್ಕಿಂತ ಬಹಳ ಬೆಳಗುತ್ತಿದ್ದರೆ ಬೆಳಕು ಇಳಿಸಿ. ನಾವು ಮೊದಲು ಹಾಕಿದ್ದ ಎಲ್‌ಇಡಿ ಪಟ್ಟಿಯಲ್ಲಿ ಅರ್ಧದಷ್ಟನ್ನು ಕೊನೆಗೆ ತೆಗೆದೇ ಹಾಕಿದೆವು. ಹತ್ತಿರದಲ್ಲಿ ಬೀದಿದೀಪ ಇದ್ದರೆ ಚಿತ್ರದ ಬೆಳಕು ಹೆಚ್ಚಿಸುವುದಕ್ಕಿಂತ ಜಾಗ ಬದಲಿಸುವುದೇ ಲೇಸು.

ಇನ್ನೆರಡು ತಾಂತ್ರಿಕ ಮಾತು. ಮೊದಲನೆಯದು ಪಟ್ಟೆ. ನಮ್ಮ ಎಲ್‌ಇಡಿ ಸಾಲುಗಳ ನಡುವೆ ನಾಲ್ಕು ಇಂಚು ಅಂತರವಿತ್ತು. ಚಿತ್ರ ಅವುಗಳಿಂದ ಎರಡೇ ಇಂಚು ಮುಂದಿತ್ತು. ಕೂಡ್ಲಿಯ ನೀರಿನ ಮೇಲೆಲ್ಲ ಪಟ್ಟೆ ಪಟ್ಟೆ ಬಿತ್ತು. ಪೆಟ್ಟಿಗೆಯ ಆಳವನ್ನು ಐದು ಇಂಚಿಗೆ ಹೆಚ್ಚಿಸಿದಾಗ ಬೆಳಕು ಸಮನಾಯಿತು. ಎಲ್‌ಇಡಿ ಸಾಲುಗಳ ನಡುವೆ ಎಷ್ಟು ಅಂತರವೋ, ಚಿತ್ರ ಕನಿಷ್ಠ ಅಷ್ಟು ದೂರ ಇರಲಿ. ಎರಡನೆಯದು ಬಣ್ಣ. ಗೋಡೆಗೆ ಹಾಕುವ ಚಿತ್ರದಲ್ಲಿ ಬೆಳಕು ಶಾಯಿಯ ಮೂಲಕ ಹೋಗಿ, ಬಿಳಿ ಹಾಳೆಗೆ ತಾಗಿ, ಮತ್ತೆ ಶಾಯಿಯ ಮೂಲಕ ಬರುತ್ತದೆ. ಹಿಂದಿನಿಂದ ಬೆಳಗುವ ಚಿತ್ರದಲ್ಲಿ ಒಂದೇ ಸಲ ಹಾಯುತ್ತದೆ. ಹಾಗಾಗಿ ಮಾಮೂಲಿ ಪ್ರಿಂಟ್ ಪೇಲವವಾಗಿ ಕಾಣುತ್ತದೆ. ಪ್ರಿಂಟ್ ಅಂಗಡಿಯಲ್ಲಿ 'ಬ್ಯಾಕ್‌ಲಿಟ್‌ಗೆ ಬೇಕು' ಎಂದು ಮೊದಲೇ ಹೇಳಿದರೆ ಶಾಯಿ ಗಾಢವಾಗಿ ಹಾಕಿಕೊಡುತ್ತಾರೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಸುಲಭ ದಾರಿಯೂ ಇದೆ. ಹೊಳಪಿಲ್ಲದ ಬಟ್ಟೆ ಅಥವಾ ಹಾಳೆಯ ಮೇಲೆ ಮಾಮೂಲಿ ಪ್ರಿಂಟ್ ಹಾಕಿಸಿ, ಮುಂದಿನಿಂದ ಓರೆಯಾಗಿ ಒಂದು ಸಣ್ಣ ದೀಪ ಬಿಡಿ. ಪ್ರಜ್ವಲ ಕಡಿಮೆ, ಖರ್ಚು ಮತ್ತು ತಾಪತ್ರಯವೂ ಕಡಿಮೆ.

ಕರೆಂಟ್ ಬಿಲ್‌ಗೆ ಹೆದರಬೇಕಿಲ್ಲ. ಒಂದು ಚಿತ್ರಕ್ಕೆ 40 ವ್ಯಾಟ್ ಎಂದಿಟ್ಟುಕೊಳ್ಳಿ. 20 ಚಿತ್ರಕ್ಕೆ 800 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯಂತೆ 3.2 ಯೂನಿಟ್, ಹತ್ತು ದಿನಕ್ಕೆ 32 ಯೂನಿಟ್. ಹೆದರಬೇಕಾದ್ದು ಬೇರೆಯದಕ್ಕೆ.

ನಂಬಿಕೆ 4: "ಎಲ್‌ಇಡಿ ಶಾಕ್ ಹೊಡೆಯಲ್ಲ, ಎಂಸಿಬಿ ಬೇರೆ ಇದೆಯಲ್ಲ"

ವಾಸ್ತವ: ಎರಡೂ ತಪ್ಪು. ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಎಲ್‌ಇಡಿ ಪಟ್ಟಿಗೆ ಹೋಗುವುದು 12 ವೋಲ್ಟ್, ನಿಜ. ಆದರೆ ಅದನ್ನು ತಯಾರಿಸುವ ಡ್ರೈವರ್ ಡಬ್ಬಿಗೆ ಗೋಡೆಯ ಪ್ಲಗ್‌ನಿಂದ ಬರುವುದು 230 ವೋಲ್ಟ್. ಹಬ್ಬಕ್ಕೆ ತರುವ ಅಗ್ಗದ ಸೀರಿಯಲ್ ಸೆಟ್‌ಗಳಲ್ಲಿ ಎಷ್ಟೋ ನೇರವಾಗಿ 230 ವೋಲ್ಟ್‌ಗೇ ಜೋಡಿಸುವಂಥವು. ಡ್ರೈವರ್‌ನೊಳಗೆ ನೀರು ಹೋದರೆ, ವೈರ್‌ನ ಮೇಲ್ಪದರ ಚೌಕಟ್ಟಿನ ಅಂಚಿಗೆ ಉಜ್ಜಿ ಹರಿದರೆ, ಇಡೀ ಕಬ್ಬಿಣದ ಚೌಕಟ್ಟಿಗೆ ಕರೆಂಟ್ ಬರುತ್ತದೆ.

ನಮಗೆ ಜುಮ್ ಎಂದ ರಾತ್ರಿ ಪಕ್ಕದ ಮನೆಯವರನ್ನು ಕರೆದೆವು. ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಹಿರಿಯರು. ಬಂದವರೇ ಮೊದಲು ಪ್ಲಗ್ ಕಿತ್ತರು. ಆಮೇಲೆ ಡ್ರೈವರ್ ತೋರಿಸಿ, "ಅರ್ತ್ ವೈರ್ ಎಲ್ರಪ್ಪಾ?" ಎಂದರು. ನಾವು ಎರಡು ಪಿನ್‌ನ ಪ್ಲಗ್ ಹಾಕಿದ್ದೆವು. ಅರ್ತ್ ವೈರ್ ಮಡಚಿ ಟೇಪ್ ಸುತ್ತಿಟ್ಟಿತ್ತು.

"ಆದ್ರೆ ಎಂಸಿಬಿ ಇದೆಯಲ್ಲ ಅಂಕಲ್" ಎಂದೆವು.

"ಎಂಸಿಬಿ ಇರೋದು ವೈರ್ ಉಳಿಸೋಕೆ ಕಣ್ರಪ್ಪಾ, ನಿಮ್ಮನ್ನ ಉಳಿಸೋಕಲ್ಲ" ಎಂದರು.

ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. 6 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ 6 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ದೇಹದ ಮೂಲಕ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಹೃದಯದ ಬಡಿತ ಹದ ತಪ್ಪಿ ಸಾವು ಬರಬಹುದು. 30 ಮಿಲಿಆಂಪಿಯರ್ ಎಂದರೆ 6 ಆಂಪಿಯರ್‌ನ ಇನ್ನೂರನೇ ಒಂದು ಭಾಗ. ಮನುಷ್ಯ ಸಾಯುತ್ತಿದ್ದರೂ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಆರ್‌ಸಿಸಿಬಿಗೆ. ಫೇಸ್ ವೈರ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ಸ್ವಲ್ಪ ಕರೆಂಟ್ ಬೇರೆ ದಾರಿಯಲ್ಲಿ, ಅಂದರೆ ಚೌಕಟ್ಟು ಅಥವಾ ಮನುಷ್ಯನ ಮೂಲಕ, ನೆಲಕ್ಕೆ ಸೋರಿದರೆ ಸೆಕೆಂಡಿನ ಸಣ್ಣ ಭಾಗದಲ್ಲೇ ಕರೆಂಟ್ ತೆಗೆದುಹಾಕುತ್ತದೆ. ಕೊಳ್ಳುವಾಗ 30 ಮಿಲಿಆಂಪಿಯರ್‌ನದ್ದನ್ನೇ ಕೇಳಿ. ಅದರ ಮೇಲಿರುವ 'ಟಿ' ಗುಂಡಿಯನ್ನು ಪ್ರತಿ ಸಂಜೆ ಒತ್ತಿ ನೋಡಿ. ಬೀಳದಿದ್ದರೆ ಆ ದಿನ ದೀಪ ಹಚ್ಚಬೇಡಿ. ಆರ್‌ಸಿಸಿಬಿ ಇದ್ದರೂ ಅರ್ತಿಂಗ್ ಬೇಕು.

ಹೊರಾಂಗಣಕ್ಕೆ ಇನ್ನಷ್ಟು ಎಚ್ಚರಿಕೆ:

• ಪೆಟ್ಟಿಗೆಯ ಮೇಲೆ 'ಐಪಿ' ಸಂಖ್ಯೆ ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ65 ಎಂದರೆ ಧೂಳು ಹೊಗುವುದಿಲ್ಲ, ಎರಚುವ ನೀರನ್ನು ತಡೆಯುತ್ತದೆ. ನೀರಲ್ಲಿ ಮುಳುಗಿದರೆ ತಡೆಯುವುದಿಲ್ಲ. ಐಪಿ20 ಎಂದಿದ್ದರೆ ಅದು ಮನೆಯೊಳಗೆ ಮಾತ್ರ.
• ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಬೇಡ. ಹುಲ್ಲಿನ ಮೇಲಂತೂ ಬೇಡವೇ ಬೇಡ. ಸೊಂಟಕ್ಕಿಂತ ಮೇಲೆ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡಿ.
• ಡ್ರೈವರ್‌ಗೆ ಹೋಗುವ ವೈರ್ ಮೊದಲು ಕೆಳಗೆ ಬಾಗಿ ಆಮೇಲೆ ಮೇಲೇರಲಿ. ವೈರ್ ಹಿಡಿದು ಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.
• ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಬೇಡ.
• ಬೀದಿಕಂಬದಿಂದ ಕರೆಂಟ್ ಎಳೆಯಬೇಡಿ. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಶಿವಮೊಗ್ಗ ಜಿಲ್ಲೆ ಮೆಸ್ಕಾಂ ವ್ಯಾಪ್ತಿಯಲ್ಲಿದೆ. ತಾತ್ಕಾಲಿಕ ಸಂಪರ್ಕಕ್ಕೆ ಅಲ್ಲಿಯೇ ಅರ್ಜಿ ಹಾಕಬಹುದು.
• ಚೌಕಟ್ಟು ಗಾಳಿಗೆ ಬೀಳದಂತೆ ಬುಡಕ್ಕೆ ಮರಳಿನ ಚೀಲ ಇಡಿ. ದೊಡ್ಡ ಚಿತ್ರ ಎಂದರೆ ಗಾಳಿಗೆ ಅದು ಹಾಯಿ ಇದ್ದಂತೆ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ 108ಕ್ಕೆ ಕರೆ ಮಾಡಿ. ವಿದ್ಯುತ್ ದೂರಿಗೆ 1912.

ನಂಬಿಕೆ 5: "ಹುಳ ಬರೋದು ದೀಪದ ಬಿಸಿಗೆ, ಎಲ್‌ಇಡಿ ತಂಪು, ಹುಳ ಬರಲ್ಲ"

ವಾಸ್ತವ: ಎಲ್‌ಇಡಿಗೂ ಬರುತ್ತವೆ. ಬಿಸಿ ಅದಕ್ಕೆ ಕಾರಣವಲ್ಲ.

2024ರ ಜನವರಿಯಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ವೇಗದ ಕ್ಯಾಮೆರಾಗಳಲ್ಲಿ ಹುಳಗಳ ಹಾರಾಟ ಸೆರೆಹಿಡಿದ ಸಂಶೋಧಕರಿಗೆ ಕಂಡದ್ದು ಇದು: ಹಾರುವ ಹುಳ ತನ್ನ ಬೆನ್ನನ್ನು ಬೆಳಕಿನ ಕಡೆ ತಿರುಗಿಸುತ್ತದೆ. ಸಹಜವಾಗಿ ರಾತ್ರಿಯೂ ಆಕಾಶ ನೆಲಕ್ಕಿಂತ ಬೆಳ್ಳಗಿರುವುದರಿಂದ, ಬೆಳಕಿದ್ದ ಕಡೆ ಮೇಲು ಎಂಬುದು ಅದರ ಲೆಕ್ಕ. ನಮ್ಮ ದೀಪದ ಪಕ್ಕ ಹಾರುವಾಗ ಈ ಲೆಕ್ಕ ತಪ್ಪಿ, ದೀಪಕ್ಕೆ ಬೆನ್ನು ಕೊಟ್ಟು ಸುತ್ತುತ್ತಲೇ ಇರುತ್ತದೆ. ಅದು ದೀಪಕ್ಕೆ ಆಸೆಪಟ್ಟು ಬಂದದ್ದಲ್ಲ, ದೀಪದ ಬಳಿ ದಾರಿ ತಪ್ಪಿ ಸಿಕ್ಕಿಬಿದ್ದದ್ದು.

ನೀಲಿ ಛಾಯೆಯ ಬಿಳಿ ಬೆಳಕಿಗೆ ಹೋಲಿಸಿದರೆ ಹಳದಿ ಛಾಯೆಯ ಬೆಳಕಿಗೆ ಹುಳ ಕಡಿಮೆ. ಅಂಗಡಿಯಲ್ಲಿ 'ವಾರ್ಮ್ ವೈಟ್' ಎಂದು ಕೇಳಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ.

ಜಾಗದ ಆಯ್ಕೆಯೂ ಮುಖ್ಯ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸಕ್ರೆಬೈಲಿನ ಆಚೆಗೆ ಕಾಡು. ಮಳೆಗಾಲದ ಮುಂಚೆ ಮಲೆನಾಡಿನ ಮರಗಳಲ್ಲಿ ಮಿಣುಕುಹುಳಗಳು ಬೆಳಗುವುದು ಸಂಗಾತಿಯನ್ನು ಕರೆಯಲು. ಪಕ್ಕದಲ್ಲಿ ನಮ್ಮ ದೀಪ ಉರಿದರೆ ಆ ಕರೆ ಕಾಣುವುದಿಲ್ಲ. ಇಂಥ ಜಾಗಗಳ ಫೋಟೋವನ್ನು ಊರೊಳಗೆ ತಂದು ತೋರಿಸೋಣ. ದೀಪವನ್ನು ಅಲ್ಲಿಗೆ ಒಯ್ಯುವುದು ಬೇಡ. ಶಿವಮೊಗ್ಗದ ಗಾಂಧಿ ಪಾರ್ಕ್‌ನಂಥ ಜಾಗ, ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನ್ ಕಡೆಯ ಮೈದಾನ, ಶಾಲೆಯ ಅಂಗಳ ಸಾಕು.

ಕಾಲ ಯಾವುದು? ನವೆಂಬರ್‌ನಿಂದ ಫೆಬ್ರವರಿ ಲೇಸು. ಮಳೆ ಕಡಿಮೆ, ಬೇಗ ಕತ್ತಲಾಗುತ್ತದೆ. ಆದರೆ ಇಬ್ಬನಿಯೂ ನೀರೇ ಎಂಬುದು ನೆನಪಿರಲಿ.

ಫ್ಲೆಕ್ಸ್‌ನಲ್ಲಿ ಮಾಡಬಹುದೇ? ಅನುಮತಿ ಬೇಕೇ?

ಫ್ಲೆಕ್ಸ್ ಬೇಡ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿದೆ. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನು ನಿಷೇಧಿಸುತ್ತದೆ. ಹತ್ತಿ ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿದರೆ ಮಡಚಿಟ್ಟು ಮುಂದಿನ ವರ್ಷವೂ ಬಳಸಬಹುದು.

ಸಾರ್ವಜನಿಕ ಜಾಗದಲ್ಲಿ ನಿಲ್ಲಿಸುವ ಮುನ್ನ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ, ಭದ್ರಾವತಿಯಲ್ಲಿ ನಗರಸಭೆಯನ್ನು ಕೇಳಿ, ಲಿಖಿತ ಅನುಮತಿ ಪಡೆಯಿರಿ. ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಹಳೆಯ ದೇವಸ್ಥಾನ, ಕೋಟೆಗಳ ಗೋಡೆಗೆ ಮೊಳೆ ಹೊಡೆಯುವುದು, ಚೌಕಟ್ಟು ಒರಗಿಸುವುದು ಬೇಡ. ಮರಕ್ಕೂ ಮೊಳೆ ಬೇಡ.

ಚಿತ್ರದ ಕೆಳಗೆ ಏನು ಬರೆಯಬೇಕು?

ಊರು, ತಿಂಗಳು, ವರ್ಷ. ಈ ಮೂರು ಇಲ್ಲದಿದ್ದರೆ ಒಳ್ಳೆಯ ಚಿತ್ರವೂ ಸುಳ್ಳು ಫಾರ್ವರ್ಡ್ ಆಗುತ್ತದೆ.

ದೀಪಾವಳಿ ಬಂತೆಂದರೆ ಬರುವ ಒಂದು ಚಿತ್ರ ನೆನಪಿದೆಯೇ? ಬಣ್ಣ ಬಣ್ಣದ ಬೆಳಕಿನಲ್ಲಿ ಹೊಳೆಯುವ ಭಾರತದ ನಕ್ಷೆ, 'ದೀಪಾವಳಿ ರಾತ್ರಿ ಉಪಗ್ರಹದಿಂದ ನಾಸಾ ತೆಗೆದದ್ದು' ಎಂಬ ಒಕ್ಕಣೆ. ಅದು ದೀಪಾವಳಿಯ ಫೋಟೋ ಅಲ್ಲ. ವರ್ಷಗಳು ಕಳೆದಂತೆ ಊರುಗಳ ಬೆಳಕು ಹೇಗೆ ಹರಡಿತು ಎಂದು ತೋರಿಸಲು ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿಯೊಬ್ಬರು 1992ರಿಂದ 2003ರವರೆಗಿನ ಉಪಗ್ರಹ ಮಾಹಿತಿಯನ್ನು ಸೇರಿಸಿ ಮಾಡಿದ ಚಿತ್ರ. ಒಂದೊಂದು ಬಣ್ಣವೂ ಒಂದೊಂದು ಅವಧಿಯದ್ದು. 2012ರಲ್ಲಿ ನಾಸಾ ಇದನ್ನು ವಿವರಿಸಿ, ಅದೇ ವರ್ಷದ ದೀಪಾವಳಿ ಹೊತ್ತಿನ ನಿಜವಾದ ರಾತ್ರಿ ಚಿತ್ರವನ್ನೂ ಪ್ರಕಟಿಸಿತು. ಅದರಲ್ಲಿ ಹಬ್ಬದ ಹೆಚ್ಚುವರಿ ಬೆಳಕು ಗುರುತಿಸಲಾರದಷ್ಟು ಕಡಿಮೆ. ಚಿತ್ರ ಸುಳ್ಳಲ್ಲ, ಕೆಳಗಿನ ಬರಹ ಸುಳ್ಳು.

ನಮ್ಮ ಜೋಗಕ್ಕೂ ಇದೇ ಗತಿ. 253 ಮೀಟರ್ ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಧುಮುಕುವುದು ಮಳೆಗಾಲದಲ್ಲಿ, ಅದೂ ನೀರು ಇದ್ದಾಗ. ಮೇಲೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಇದೆ. ಬೇಸಿಗೆಯಲ್ಲಿ ಎಳೆ ಎಳೆ ನೀರು, ಕಪ್ಪು ಬಂಡೆ. ಆಗಸ್ಟ್‌ನ ಚಿತ್ರವನ್ನು ತಿಂಗಳು ಬರೆಯದೆ ಬೆಳಗಿಸಿ ನಿಲ್ಲಿಸಿದರೆ, ಅದರ ವಿಡಿಯೋ ನೋಡಿ ಏಪ್ರಿಲ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದವರು ಬಂಡೆ ನೋಡಿ ವಾಪಸಾಗುತ್ತಾರೆ. ಎರಡೂ ತಿಂಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟರೆ ಇನ್ನೂ ಒಳ್ಳೆಯದು. ಜನ ಹೆಚ್ಚು ಹೊತ್ತು ನಿಂತು ನೋಡುವುದು ಅಂಥದ್ದನ್ನೇ.

ಪ್ರವಾಸ ಎಂದರೆ ದೂರವೇ ಆಗಬೇಕಿಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಒಳಗಿನಿಂದ ಕಂಡವರ ಮನೆಗಳಲ್ಲಿ ಹಳೆಯ ಫೋಟೋಗಳಿವೆ. ಕೇಳಿ ತಂದು, ಹೆಸರು, ವರ್ಷ ಬರೆದು ಬೆಳಗಿಸಿದರೆ ಊರಿನ ಮಕ್ಕಳು ಊರಿನೊಳಗೇ ಪ್ರವಾಸ ಮಾಡಿದಂತೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೋ ಬಂದರೆ ಖಂಡಿತ ಹಂಚಿಕೊಳ್ಳಿ, ಚೆಂದದ್ದು ಹಂಚುವುದರಲ್ಲಿ ತಪ್ಪಿಲ್ಲ. ಆದರೆ 'ಶಾಕ್ ಭಯ ಇಲ್ಲ' ಎಂಬ ಮಾತು ಜೊತೆಗಿದ್ದರೆ ಅದನ್ನು ಅಳಿಸಿ ಹಂಚಿ. ನಿಮ್ಮ ಸಂಘದ ಗುಂಪಿಗೆ ಕಳಿಸಲು ಈ ನಾಲ್ಕು ಸಾಲು ಸಾಕು:

• ಮೂರು ಪಿನ್ ಪ್ಲಗ್, ಅರ್ತಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ದೀಪ ಹಚ್ಚಬೇಡಿ.
• ಬೆಳಕು ಕಡಿಮೆ ಇರಲಿ, ಹಳದಿ ಛಾಯೆಯದ್ದಿರಲಿ, ಹತ್ತಕ್ಕೆ ಆರಲಿ.
• ಮೂಲ ಫೈಲ್ ಕೇಳಿ ಪಡೆಯಿರಿ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ, ಅನುಮತಿ ತೆಗೆದುಕೊಳ್ಳಿ.
• ಚಿತ್ರದ ಕೆಳಗೆ ಊರು, ತಿಂಗಳು, ವರ್ಷ ಬರೆಯಿರಿ.

ನಮ್ಮ ಕೂಡ್ಲಿಯ ಚಿತ್ರ ಮರುವಾರ ಮತ್ತೆ ಬೆಳಗಿತು. ಈ ಸಲ ಅರ್ತ್ ವೈರ್ ಜೋಡಿಸಿತ್ತು, ಆರ್‌ಸಿಸಿಬಿ ಇತ್ತು, ಎಲ್‌ಇಡಿ ಅರ್ಧ ಮಾತ್ರ ಇತ್ತು. ಪಕ್ಕದ ಮನೆಯ ಅಂಕಲ್ ಬಂದು ಮೊದಲು ಟೆಸ್ಟರ್ ಇಟ್ಟು ನೋಡಿದರು. ಚಿತ್ರ ನೋಡಿದ್ದು ಆಮೇಲೆ. ಅದೇ ಸರಿಯಾದ ಕ್ರಮ.